ವಿನ್ಯಾಸದ ಕಂಪ್ಯೂಟರಿಗೆ ಯಾವ ಬಿಡಿಭಾಗ ಮೊದಲು?

ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕಟ್ಟಡದ ನಕ್ಷೆ, ಯಂತ್ರಭಾಗಗಳ ಮಾದರಿ ಮತ್ತು ಮುದ್ರಣದ ವಿನ್ಯಾಸ ಮಾಡುವ ಕಚೇರಿಗಳಿಂದ ಬಂದಿವೆ. ಒಂದೇ ಬಗೆಯವನ್ನು ಕೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಆರು ಕಂಪ್ಯೂಟರುಗಳಿವೆ. ಇಬ್ಬರು ಆಟೋಕ್ಯಾಡ್‌ನಲ್ಲಿ ನಕ್ಷೆ ಬರೆಯುತ್ತಾರೆ, ಇಬ್ಬರು ರೆವಿಟ್‌ನಲ್ಲಿ ಕಟ್ಟಡದ ಮಾದರಿ ಮಾಡುತ್ತಾರೆ, ಉಳಿದ ಇಬ್ಬರದು ಫೋಟೋಶಾಪ್ ಮತ್ತು ಇನ್‌ಡಿಸೈನ್ ಕೆಲಸ. ಸಿಸ್ಟಮ್ ಸ್ಲೋ ಎಂಬುದು ಎಲ್ಲರ ದೂರು. ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕೆಂಬುದು ಎಲ್ಲರ ಬೇಡಿಕೆ. ಆರಕ್ಕೂ ಒಂದೊಂದು ಕಾರ್ಡ್ ಕೊಳ್ಳುವಷ್ಟು ಹಣ ಮಂಜೂರಾಗಿದೆ. ಕೊಳ್ಳಬಹುದೇ?

ಉತ್ತರ: ಒಂದು ವಾರ ತಡೆಯಿರಿ. ಸ್ಲೋ ಎಂಬ ಒಂದೇ ಮಾತಿನ ಹಿಂದೆ ಬೇರೆ ಬೇರೆ ಕಾಯುವಿಕೆಗಳಿರುತ್ತವೆ. ಕಡತ ತೆರೆಯುವಾಗ ಕಾಯುವುದು ಬೇರೆ, ಮಾದರಿಯನ್ನು ಪರದೆಯ ಮೇಲೆ ತಿರುಗಿಸುವಾಗ ಚಿತ್ರ ತಡವರಿಸುವುದು ಬೇರೆ, ಆಜ್ಞೆ ಕೊಟ್ಟ ಮೇಲೆ ಮೌಸ್ ಪಾಯಿಂಟರ್ ಸುತ್ತುತ್ತ ಕೂರುವುದು ಬೇರೆ, ರೆಂಡರ್, ಅಂದರೆ ಮಾದರಿಯಿಂದ ನೈಜವೆನಿಸುವ ಚಿತ್ರ ತಯಾರಿಸುವ ಕೆಲಸ, ಮುಗಿಯಲೆಂದು ಎದ್ದು ಹೋಗಿ ಬರುವುದು ಇನ್ನೂ ಬೇರೆ. ಆರೂ ಮಂದಿಯ ಕೀಬೋರ್ಡಿನ ಪಕ್ಕ ಒಂದೊಂದು ಹಾಳೆ ಇಡಿಸಿ, ಯಾವ ಕೆಲಸದಲ್ಲಿ ಎಷ್ಟು ಹೊತ್ತು ಕಾದರು, ದಿನಕ್ಕೆ ಎಷ್ಟು ಸಲ ಕಾದರು ಎಂಬುದನ್ನು ಬರೆಸಿ. ಕಾಯುತ್ತಿರುವ ಹೊತ್ತಿನಲ್ಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು (ಪ್ರಾಸೆಸರ್), ಮೆಮೊರಿ, ಡಿಸ್ಕ್, ಜಿಪಿಯು (ಗ್ರಾಫಿಕ್ಸ್ ಚಿಪ್) ಇವುಗಳಲ್ಲಿ ಯಾವುದರ ಗೆರೆ ಮೇಲಕ್ಕೆ ತಾಗಿ ನಿಂತಿದೆ ಎಂಬುದನ್ನೂ ಗುರುತಿಸಲಿ.

ಇಲ್ಲಿ ಹಲವರು ಎಡವುವ ಜಾಗವೊಂದಿದೆ. ಆಟೋಕ್ಯಾಡ್ ಹೆಣಗಾಡುತ್ತಿರುವಾಗ ಸಿಪಿಯು ಬಳಕೆ ಬರೀ 12 ಅಥವಾ 13 ಶೇಕಡಾ ಎಂದು ಕಾಣುತ್ತದೆ. ನೋಡಿದವರು ಪ್ರಾಸೆಸರ್ ಸುಮ್ಮನೆ ಕುಳಿತಿದೆ, ತಪ್ಪು ಬೇರೆಲ್ಲೋ ಇದೆ ಎಂದುಕೊಳ್ಳುತ್ತಾರೆ. ಎಂಟು ಲಾಜಿಕಲ್ ಪ್ರಾಸೆಸರ್‌ಗಳಿರುವ ಯಂತ್ರದಲ್ಲಿ ಒಂದೇ ಒಂದು ಎಳೆ (ಥ್ರೆಡ್, ಅಂದರೆ ಒಂದರ ಹಿಂದೊಂದು ಸಾಗುವ ಕೆಲಸದ ಸಾಲು) ಪೂರ್ತಿ ದುಡಿದರೆ ಒಟ್ಟು ಲೆಕ್ಕದಲ್ಲಿ ಅದು ನೂರರ ಎಂಟನೇ ಒಂದು ಭಾಗ, ಅಂದರೆ 12.5 ಶೇಕಡಾ ಆಗುತ್ತದೆ. ಅದು ಸುಮ್ಮನಿರುವ ಪ್ರಾಸೆಸರ್ ಅಲ್ಲ, ಒಬ್ಬನೇ ಹೊರೆ ಹೊತ್ತು ಏಳು ಮಂದಿ ನಿಂತು ನೋಡುತ್ತಿರುವ ಪ್ರಾಸೆಸರ್. ಆಟೋಕ್ಯಾಡ್‌ನ ಬಹುಪಾಲು ಕೆಲಸವೂ ರೆವಿಟ್‌ನಲ್ಲಿ ಮಾದರಿ ತಿದ್ದುವ ಕೆಲಸದ ದೊಡ್ಡ ಭಾಗವೂ ಹೀಗೆ ಒಂದೇ ಎಳೆಯಲ್ಲಿ ಸಾಗುವುದರಿಂದ, ಅಲ್ಲಿ ಬೇಕಾದುದು ಪ್ರಾಸೆಸರಿನೊಳಗಿನ ಒಂದೊಂದು ಕೋರ್, ಅಂದರೆ ಲೆಕ್ಕ ಮಾಡುವ ಘಟಕ, ಎಷ್ಟು ವೇಗವಾಗಿ ಓಡುತ್ತದೆ ಎಂಬ ಗುಣ. ನಿಧಾನವಾಗಿ ಓಡುವ ಹದಿನಾರು ಕೋರ್‌ಗಳಿಗಿಂತ ಚುರುಕಾದ ಆರು ಕೋರ್‌ಗಳು ನಕ್ಷೆಕಾರರಿಗೆ ಲೇಸು. ವಿ-ರೇ ಅಥವಾ ಕರೋನಾದಂತಹ ತಂತ್ರಾಂಶದಲ್ಲಿ ಸಿಪಿಯು ಮೇಲೆ ರೆಂಡರ್ ಮಾಡುವವರ ಲೆಕ್ಕ ಇದಕ್ಕೆ ತಿರುವುಮುರುವು, ಏಕೆಂದರೆ ಅಲ್ಲಿ ಇರುವ ಎಲ್ಲ ಕೋರ್‌ಗಳಿಗೂ ಕೈತುಂಬ ಕೆಲಸ ಸಿಗುತ್ತದೆ.

ಹಾಗಾದರೆ ಗ್ರಾಫಿಕ್ಸ್ ಕಾರ್ಡ್ ಯಾರಿಗೆ? ಎನ್‌ಸ್ಕೇಪ್, ಲ್ಯೂಮಿಯಾನ್, ಟ್ವಿನ್‌ಮೋಷನ್ ಇಂಥವುಗಳಲ್ಲಿ ಕಟ್ಟಡದೊಳಗೆ ಓಡಾಡಿದಂತೆ ತೋರಿಸುವ ದೃಶ್ಯ ಮಾಡುವವರಿಗೆ ಅದು ನಿಜವಾಗಿಯೂ ಬೇಕು, ಅದರಲ್ಲಿ ಜಿಪುಣತನ ಮಾಡಬಾರದು. ಎರಡು ಆಯಾಮದ ನಕ್ಷೆ ಬರೆಯುವವರಿಗೂ ಪುಟವಿನ್ಯಾಸ ಮಾಡುವವರಿಗೂ ಈಗಿರುವ ಸಾಧಾರಣ ಕಾರ್ಡ್ ಸಾಕಾಗುವ ಸಂಭವವೇ ಹೆಚ್ಚು. ಆರು ಮಂದಿಗೂ ಸರಿಸಮನಾಗಿ ಹಂಚಿದರೆ ಯಾರೂ ಮುನಿಸಿಕೊಳ್ಳುವುದಿಲ್ಲ ಎಂಬುದು ನಿಜ. ಆದರೆ ನಾನು ನಿಮ್ಮ ಜಾಗದಲ್ಲಿದ್ದರೆ ಒಂದೆರಡು ಒಳ್ಳೆಯ ಕಾರ್ಡ್ ಕೊಂಡು, ಉಳಿದ ಹಣವನ್ನು ಹಾಳೆಯಲ್ಲಿ ಬರೆದು ಬಂದ ಲೆಕ್ಕದಂತೆ ರ‍್ಯಾಮ್‌ಗೂ ಎಸ್‌ಎಸ್‌ಡಿಗೂ ಹಾಕಿ, ಮುನಿಸಿಕೊಂಡವರಿಗೆ ಆ ಹಾಳೆಯನ್ನೇ ತೋರಿಸುತ್ತಿದ್ದೆ.

ಪ್ರಶ್ನೆ: ನಾನು ಪೋಸ್ಟರ್ ವಿನ್ಯಾಸ ಮಾಡುತ್ತೇನೆ. ಯಂತ್ರದಲ್ಲಿ 16 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್ ಇದೆ. ದೊಡ್ಡ ಕಡತ ತೆರೆದು ಹತ್ತು ನಿಮಿಷವಾಗುವಷ್ಟರಲ್ಲಿ ಬ್ರಷ್ ಎಳೆದರೂ ಗೆರೆ ಹಿಂದಿನಿಂದ ಬರುತ್ತದೆ. ಇನ್ನೆಷ್ಟು ರ‍್ಯಾಮ್ ಹಾಕಬೇಕು? ಹಳೆಯ ಯಂತ್ರದಿಂದ ತೆಗೆದ 8 ಜಿಬಿಯ ಸ್ಟಿಕ್ ಒಂದು ಬಿದ್ದಿದೆ, ಅದು ನಡೆಯುತ್ತದೆಯೇ?

ಉತ್ತರ: ಮೊದಲು ನಿಮ್ಮ ಕಡತದ ತೂಕ ಹಾಕೋಣ. ಎ1 ಅಳತೆಯ ಪೋಸ್ಟರ್ 594 ಮಿಲಿಮೀಟರ್ ಅಗಲ, 841 ಮಿಲಿಮೀಟರ್ ಎತ್ತರ ಇರುತ್ತದೆ. ಇಂಚಿಗೆ 300 ಬಿಂದುಗಳಂತೆ ಅದು ಸುಮಾರು 7016 ಮತ್ತು 9933 ಪಿಕ್ಸೆಲ್‌ಗಳ ಗುಣಲಬ್ಧ, ಅಂದರೆ ಸುಮಾರು ಏಳು ಕೋಟಿ ಪಿಕ್ಸೆಲ್. ಸಿಎಂವೈಕೆ ನಾಲ್ಕು ಬಣ್ಣಗಳಿಗೆ ಒಂದೊಂದು ಬೈಟ್ ಹಿಡಿದರೆ ಪುಟ ತುಂಬ ಹರಡಿದ ಒಂದು ಪದರಕ್ಕೇ ಸುಮಾರು 280 ಎಂಬಿ ಆಯಿತು. ಅಂಥ ಇಪ್ಪತ್ತು ಪದರಗಳಾದರೆ ಐದೂವರೆ ಜಿಬಿ ದಾಟುತ್ತದೆ. 16 ಬಿಟ್‌ನಲ್ಲಿ ಕೆಲಸ ಮಾಡಿದರೆ ಅದರ ಇಮ್ಮಡಿ. ಇದರ ಮೇಲೆ, ಹಿಂದಕ್ಕೆ ಹೋಗಲೆಂದು ಫೋಟೋಶಾಪ್ ನೆನಪಿಟ್ಟುಕೊಳ್ಳುವ ಒಂದೊಂದು ಹೆಜ್ಜೆಯೂ ಜಾಗ ಬೇಡುತ್ತದೆ. ಸಾಮಾನ್ಯ ಹೊಂದಿಕೆಯಲ್ಲಿ ಫೋಟೋಶಾಪ್ ತನಗೆ ಲಭ್ಯವಿರುವ ರ‍್ಯಾಮ್‌ನ 70 ಶೇಕಡಾವನ್ನಷ್ಟೇ ಬಳಸುತ್ತದೆ. ಮಿಕ್ಕಿದ್ದನ್ನು ಸ್ಕ್ರ್ಯಾಚ್ ಡಿಸ್ಕ್ ಎಂಬ ಹೆಸರಿನಲ್ಲಿ ಡಿಸ್ಕಿನ ಮೇಲೆ ಸುರಿಯುತ್ತದೆ. ನಿಮ್ಮ ಬ್ರಷ್ಷಿನ ಗೆರೆ ಹಿಂದುಳಿಯುವುದು ಬಹುಶಃ ಈ ಹಂತದಲ್ಲಿ. ಕಡತದ ಕೆಳಪಟ್ಟಿಯಲ್ಲಿ ಎಫಿಶಿಯೆನ್ಸಿ ಎಂಬುದನ್ನು ಆರಿಸಿಕೊಂಡು ನೋಡುತ್ತಿರಿ. ಅದು 100ರಿಂದ ಕೆಳಗಿಳಿದರೆ ಡಿಸ್ಕಿನ ಮೇಲೆ ಕೆಲಸ ನಡೆಯುತ್ತಿದೆ ಎಂದೇ ಅರ್ಥ.

ನಿಮಗೆ 32 ಜಿಬಿ ಬೇಕು, ಜೊತೆಗೆ ಇಲ್ಲಸ್ಟ್ರೇಟರ್, ಇನ್‌ಡಿಸೈನ್, ಇಪ್ಪತ್ತು ಟ್ಯಾಬುಗಳ ಬ್ರೌಸರ್ ಎಲ್ಲವನ್ನೂ ತೆರೆದಿಟ್ಟುಕೊಳ್ಳುವ ಅಭ್ಯಾಸವಿದ್ದರೆ 64 ಜಿಬಿ. ಬಿದ್ದಿರುವ 8 ಜಿಬಿಯನ್ನು ಸೇರಿಸಬೇಡಿ. ಅದು ಡಿಡಿಆರ್4 ಆಗಿದ್ದು ನಿಮ್ಮ ಮದರ್‌ಬೋರ್ಡ್ ಡಿಡಿಆರ್5 ಆಗಿದ್ದರೆ ಸ್ಲಾಟಿನಲ್ಲಿ ಕೂರುವುದೇ ಇಲ್ಲ. ಡೆಸ್ಕ್‌ಟಾಪ್‌ನಲ್ಲಿ ಎರಡಕ್ಕೂ 288 ಪಿನ್ನುಗಳೇ ಇದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಕೂತರೂ, ಎರಡರಲ್ಲಿ ನಿಧಾನವಾದುದರ ವೇಗಕ್ಕೆ ಎರಡೂ ಇಳಿಯುತ್ತವೆ. ಈಗಿರುವುದರ ಜೊತೆಗೆ ಅದೇ ಮಾದರಿಯ ಇನ್ನೊಂದು 16 ಜಿಬಿ ಹಾಕುವುದು ಅಥವಾ ಜೋಡಿಯಾಗಿಯೇ ಮಾರುವ ಹೊಸ ಕಿಟ್ ಕೊಳ್ಳುವುದು ಒಳ್ಳೆಯದು. ಒಂದೇ ಸ್ಟಿಕ್ ಇದ್ದಾಗ ಪ್ರಾಸೆಸರಿಗೂ ರ‍್ಯಾಮ್‌ಗೂ ನಡುವಿನ ಎರಡು ದಾರಿಗಳಲ್ಲಿ ಒಂದು ಖಾಲಿ ಬಿದ್ದಿರುತ್ತದೆ, ಜೋಡಿಯಾದಾಗ ಎರಡೂ ತೆರೆಯುತ್ತವೆ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರಾಸೆಸರಿನಿಂದ ಎರಡನೆಯದು ಮತ್ತು ನಾಲ್ಕನೆಯದು ಜೋಡಿಯ ಜಾಗ. ಬೋರ್ಡಿನ ಕೈಪಿಡಿ ನೋಡಿ ಖಚಿತಪಡಿಸಿಕೊಳ್ಳಿ. ಡಿಡಿಆರ್5ನಲ್ಲಿ ನಾಲ್ಕೂ ಸ್ಲಾಟ್ ತುಂಬಿದರೆ ವೇಗ ಇಳಿಯುವುದು ಸಾಮಾನ್ಯವಾದ್ದರಿಂದ, 64 ಜಿಬಿ ಬೇಕಾದರೆ 16ರ ನಾಲ್ಕಕ್ಕಿಂತ 32ರ ಎರಡು ಲೇಸು.

ಹಾಕಿದ ಮೇಲೆ ಎರಡು ಕೆಲಸ ಉಳಿಯುತ್ತವೆ. ಯಂತ್ರ ಚಾಲೂ ಆಗುವಾಗ ಮೊದಲು ಓಡುವ ಬಯೋಸ್ ಎಂಬ ಮೂಲ ತಂತ್ರಾಂಶದಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಆಯ್ಕೆ ಚಾಲೂ ಆಗಿದೆಯೇ ನೋಡಿ, ಇಲ್ಲದಿದ್ದರೆ ಪೊಟ್ಟಣದ ಮೇಲೆ ಬರೆದ ವೇಗ ಪೊಟ್ಟಣದ ಮೇಲೆಯೇ ಉಳಿಯಬಹುದು. ಸಂಜೆ ಮನೆಗೆ ಹೊರಡುವಾಗ ಮೆಮ್‌ಟೆಸ್ಟ್86 ಹಚ್ಚಿ ರಾತ್ರಿಯಿಡೀ ಪರೀಕ್ಷೆಗೆ ಬಿಡಿ. ದೋಷವಿರುವ ರ‍್ಯಾಮ್ ಯಾವಾಗಲೂ ಯಂತ್ರವನ್ನು ನಿಲ್ಲಿಸುವುದಿಲ್ಲ. ಸದ್ದಿಲ್ಲದೆ ಕಡತವನ್ನು ಕೆಡಿಸಿ, ಕೆಟ್ಟದ್ದನ್ನೇ ಬ್ಯಾಕಪ್‌ಗೂ ಕಳಿಸಿಬಿಡಬಹುದು.

ಪ್ರಶ್ನೆ: ಸಾಲಿಡ್‌ವರ್ಕ್ಸ್‌ನಲ್ಲಿ ಯಂತ್ರಭಾಗಗಳ ಜೋಡಣೆ ಮಾಡುತ್ತೇವೆ. ಗೇಮಿಂಗ್ ಕಾರ್ಡಿನಲ್ಲೂ ವರ್ಕ್‌ಸ್ಟೇಷನ್ ಕಾರ್ಡಿನಲ್ಲೂ ಒಂದೇ ಚಿಪ್ ಇರುತ್ತದೆ, ವರ್ಕ್‌ಸ್ಟೇಷನ್ ಎಂದು ಹೆಚ್ಚು ಹಣ ಕೊಡುವುದು ದಡ್ಡತನ ಎಂದು ಗೆಳೆಯರು ಹೇಳುತ್ತಾರೆ. ನಮ್ಮ ಯಂತ್ರ ಕಂಪನಿಯಿಂದಲೇ ಬಂದ ಸಣ್ಣ ಕ್ಯಾಬಿನೆಟ್‌ನದು.

ಉತ್ತರ: ಚಿಪ್‌ನ ವಿಷಯದಲ್ಲಿ ನಿಮ್ಮ ಗೆಳೆಯರು ಹೇಳಿದ್ದು ಹೆಚ್ಚುಕಡಿಮೆ ಸರಿ. ಎನ್‌ವಿಡಿಯಾದ ಆರ್‌ಟಿಎಕ್ಸ್ ವೃತ್ತಿಪರ ಸಾಲಿನ ಕಾರ್ಡುಗಳೂ, ಅಂದರೆ ಹಿಂದೆ ಕ್ವಾಡ್ರೋ ಎಂದು ಕರೆಯುತ್ತಿದ್ದವುಗಳೂ, ಜಿಫೋರ್ಸ್ ಗೇಮಿಂಗ್ ಕಾರ್ಡುಗಳೂ ಅನೇಕ ವೇಳೆ ಒಂದೇ ಚಿಪ್ಪಿನಿಂದ ಹುಟ್ಟಿರುತ್ತವೆ. ವ್ಯತ್ಯಾಸವಿರುವುದು ಡ್ರೈವರ್‌ನಲ್ಲಿ ಮತ್ತು ತಂತ್ರಾಂಶ ತಯಾರಕರು ಪರೀಕ್ಷಿಸಿ ಕೊಡುವ ಮಾನ್ಯತೆಯಲ್ಲಿ. ಆ ವ್ಯತ್ಯಾಸ ಆಟೋಕ್ಯಾಡ್, ರೆವಿಟ್, ಫೋಟೋಶಾಪ್ ಬಳಸುವವರಿಗೆ ಬಹುಮಟ್ಟಿಗೆ ಅನುಭವಕ್ಕೆ ಬರುವುದಿಲ್ಲ. ಅವರು ಗೇಮಿಂಗ್ ಕಾರ್ಡಿಗೆ ಸ್ಟುಡಿಯೋ ಡ್ರೈವರ್ ಹಾಕಿಕೊಂಡು ನೆಮ್ಮದಿಯಾಗಿರಬಹುದು. ಸಾಲಿಡ್‌ವರ್ಕ್ಸ್ ಬಳಸುವವರ ಕತೆ ಹಾಗಲ್ಲ. ಅದರ ರಿಯಲ್‌ವ್ಯೂ ಎಂಬ ನೈಜ ಮೇಲ್ಮೈ ತೋರಿಸುವ ಸೌಲಭ್ಯ ಮಾನ್ಯತೆ ಪಡೆದ ವೃತ್ತಿಪರ ಕಾರ್ಡುಗಳಿಗೆಂದೇ ಇರುವುದು, ಮತ್ತು ಪರದೆಯ ಮೇಲೆ ಅಂಚುಗಳು ಮುರಿದು ಕಾಣುವ ತೊಂದರೆ ಬಂದರೆ ನೆರವಿನವರು ಮೊದಲು ಕೇಳುವ ಪ್ರಶ್ನೆಯೇ ಕಾರ್ಡ್ ಪಟ್ಟಿಯಲ್ಲಿದೆಯೇ ಎಂಬುದು. ನಿಮಗೆ ನನ್ನ ಸಲಹೆ ವೃತ್ತಿಪರ ಕಾರ್ಡೇ, ಅದು ಕೆಳಗಿನ ದರ್ಜೆಯದಾದರೂ ಸರಿ.

ಆದರೆ ನಿಮ್ಮ ನಿಜವಾದ ಕಟ್ಟುಪಾಡು ಕ್ಯಾಬಿನೆಟ್. ಮದರ್‌ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕಾರ್ಡಿಗೆ ಕೊಡಬಲ್ಲ ವಿದ್ಯುತ್ತು ಹೆಚ್ಚೆಂದರೆ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ, ಯಂತ್ರಕ್ಕೆ ವಿದ್ಯುತ್ತು ಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ತಂತಿ ಬರಬೇಕು. 6 ಪಿನ್ನಿನದು 75 ವ್ಯಾಟ್, 8 ಪಿನ್ನಿನದು 150 ವ್ಯಾಟ್ ಹೊರುತ್ತದೆ. ಕಂಪನಿಯ ಅನೇಕ ಸಣ್ಣ ಕ್ಯಾಬಿನೆಟ್ಟುಗಳಲ್ಲಿ ಅಂಥ ತಂತಿಯೇ ಇರುವುದಿಲ್ಲ, ಎಸ್‌ಎಂಪಿಎಸ್ ಬದಲಿಸೋಣವೆಂದರೆ ಅದರ ಆಕಾರವೂ ಮದರ್‌ಬೋರ್ಡಿಗೆ ಸೇರುವ ಕನೆಕ್ಟರೂ ಆ ಕಂಪನಿಗೇ ವಿಶಿಷ್ಟವಾಗಿರುತ್ತವೆ. ಮುಚ್ಚಳ ತೆಗೆದು, ಅಳತೆಪಟ್ಟಿ ಹಿಡಿದು, ಸ್ಲಾಟಿನಿಂದ ಎದುರಿನ ತಡೆಯವರೆಗೆ ಎಷ್ಟು ಮಿಲಿಮೀಟರ್ ಇದೆ, ಹಿಂದಿನ ಪಟ್ಟಿ ಪೂರ್ಣ ಎತ್ತರದ್ದೇ ಅರ್ಧ ಎತ್ತರದ್ದೇ, ಪಕ್ಕದ ಸ್ಲಾಟ್ ಖಾಲಿ ಇದೆಯೇ ಎಂದು ಬರೆದುಕೊಂಡ ಮೇಲೆಯೇ ಕಾರ್ಡ್ ಹುಡುಕಿ. ಇಂಥ ಇಕ್ಕಟ್ಟಿಗೆಂದೇ ಬಂದ ಕಾರ್ಡುಗಳಿವೆ: ಆರ್‌ಟಿಎಕ್ಸ್ ಎ2000 ಅರ್ಧ ಎತ್ತರದ್ದು, 70 ವ್ಯಾಟ್‌ನಲ್ಲಿ ಮುಗಿಯುತ್ತದೆ, ಪ್ರತ್ಯೇಕ ತಂತಿ ಬೇಡ, ಆದರೆ ಎರಡು ಸ್ಲಾಟಿನ ಅಗಲ ಕೇಳುತ್ತದೆ.

ಜಿಪಿಯು ಮೇಲೆ ರೆಂಡರ್ ಮಾಡುವ ಯೋಚನೆಯಿದ್ದರೆ ಕಾರ್ಡಿನ ವೇಗಕ್ಕಿಂತ ಮೊದಲು ಅದರ ಸ್ವಂತ ಮೆಮೊರಿಯನ್ನು ನೋಡಿ. ದೃಶ್ಯ ಅದರೊಳಗೆ ಹಿಡಿಸದಿದ್ದರೆ ರೆಂಡರ್ ನಿಂತುಹೋಗಬಹುದು, ಇಲ್ಲವೇ ಯಂತ್ರದ ರ‍್ಯಾಮ್ ಕಡೆಗೆ ಕೈಚಾಚಿ ತೆವಳಬಹುದು. ಕಾರ್ಡ್ ಹಾಕಿದ ಮೇಲೆ ಮಾನಿಟರಿನ ಕೇಬಲ್ಲನ್ನು ಕಾರ್ಡಿಗೇ ಸಿಕ್ಕಿಸಿ. ಇದನ್ನೂ ಹೇಳಬೇಕೇ ಎನ್ನಬೇಡಿ; ಹೊಸ ಕಾರ್ಡ್ ಒಳಗೆ ಫ್ಯಾನ್ ತಿರುಗಿಸುತ್ತ ಕುಳಿತಿರುವಾಗ ಕೇಬಲ್ ಮಾತ್ರ ಮದರ್‌ಬೋರ್ಡಿನ ಹಳೆಯ ಕಿಂಡಿಯಲ್ಲೇ ಇದ್ದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಕಚೇರಿಗಳಲ್ಲಿ ಕಂಡಿದ್ದೇನೆ.

ಪ್ರಶ್ನೆ: ಎಲ್ಲ ಯಂತ್ರಗಳಿಗೂ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿಸಿದೆವು. ವಿಂಡೋಸ್ ಬೇಗ ತೆರೆಯುತ್ತದೆ, ಆದರೆ ಸರ್ವರಿನಲ್ಲಿರುವ ಕಡತಗಳು ಮೊದಲಿನಷ್ಟೇ ನಿಧಾನ. ಅದರಲ್ಲೂ ಒಂದು ಮೇಜಿನಲ್ಲಿ ಬಹಳ ನಿಧಾನ. ಎಸ್‌ಎಸ್‌ಡಿ ಕಳಪೆಯೇ?

ಉತ್ತರ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಿದೆ. ಹಳೆಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ 150ರಿಂದ 200 ಎಂಬಿ ಓದುತ್ತದೆ, ಸಾಟಾ ಎಸ್‌ಎಸ್‌ಡಿ 550ರ ಆಸುಪಾಸು, ಮೂರನೆಯ ಪೀಳಿಗೆಯ ಒಳ್ಳೆಯ ಎನ್‌ವಿಎಂಇ 3500ರವರೆಗೆ. ಆದರೆ ಸರ್ವರಿನ ಕಡತ ನಿಮ್ಮ ಯಂತ್ರಕ್ಕೆ ಬರುವುದು ಲ್ಯಾನ್ ಕೇಬಲ್ಲಿನ ಮೂಲಕ, ಮತ್ತು ಗಿಗಾಬಿಟ್ ಜಾಲ ಹೊರುವುದು ಸೆಕೆಂಡಿಗೆ ಹೆಚ್ಚೆಂದರೆ 125 ಎಂಬಿ, ವ್ಯವಹಾರದಲ್ಲಿ 110ರಷ್ಟು. ನಿಮ್ಮ ಯಂತ್ರದೊಳಗಿನ ಎಸ್‌ಎಸ್‌ಡಿ ಎಷ್ಟು ಚುರುಕಾಗಿದ್ದರೂ ಈ ದಾರಿ ಅಗಲವಾಗುವುದಿಲ್ಲ.

ಆ ಒಂದು ಮೇಜಿನ ಬಗ್ಗೆ ನನಗೆ ಅನುಮಾನವಿದೆ. ಅಲ್ಲಿ ವಿಂಡೋಸ್ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಲಿಂಕ್ ಸ್ಪೀಡ್ ನೋಡಿ. 1000 ಎಂದಿರಬೇಕಾದ ಕಡೆ 100 ಎಂದಿದ್ದರೆ ಕಳ್ಳ ಸಿಕ್ಕಿದ. ಲ್ಯಾನ್ ಕೇಬಲ್ಲಿನೊಳಗೆ ಎಂಟು ತಂತಿಗಳಿರುತ್ತವೆ. ಗಿಗಾಬಿಟ್‌ಗೆ ಎಂಟೂ ಬೇಕು, ನೂರು ಮೆಗಾಬಿಟ್‌ಗೆ ನಾಲ್ಕು ಸಾಕು. ಒಂದು ತಂತಿ ತುಂಡಾದರೂ ಸಂಪರ್ಕ ಕಡಿದುಹೋಗದೆ ಮೆಲ್ಲಗೆ ನೂರಕ್ಕೆ ಇಳಿಯುವುದುಂಟು. ಅಂತರ್ಜಾಲ, ಮಿಂಚಂಚೆ ಎಲ್ಲ ನಡೆಯುತ್ತಲೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. 800 ಎಂಬಿಯ ಕಡತ ಎಂಟು ಸೆಕೆಂಡಿನೊಳಗೆ ಬರಬೇಕಾದದ್ದು ಒಂದು ನಿಮಿಷವನ್ನೂ ಮೀರುತ್ತದೆ. ನನ್ನದೇ ಮೇಜಿನಲ್ಲಿ ತಿಂಗಳುಗಟ್ಟಲೆ ಹೀಗಾಗಿ, ನಾನು ಆ್ಯಂಟಿವೈರಸ್ಸನ್ನು ಬೈಯುತ್ತ, ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿಸಿದ ಮೇಲೆ, ಕೆಳಗೆ ಬಿದ್ದ ಪೆನ್ನು ಹುಡುಕಲು ಬಗ್ಗಿದಾಗ ಕಂಡದ್ದು ಕುರ್ಚಿಯ ಚಕ್ರದಡಿ ಚಪ್ಪಟೆಯಾದ ಕೇಬಲ್.

ಎಲ್ಲ ಮೇಜುಗಳಲ್ಲೂ 1000 ಎಂದೇ ಇದ್ದರೆ ಸರ್ವರಿನ ಕಡೆ ತಿರುಗಿ. ಹತ್ತು ಮಂದಿ ಒಟ್ಟಿಗೆ ಕೇಳುವಾಗ ಅಲ್ಲಿನ ಹಾರ್ಡ್ ಡಿಸ್ಕಿನ ಮುಳ್ಳು ಅತ್ತಿತ್ತ ಓಡಾಡಿಯೇ ಸುಸ್ತಾಗುತ್ತದೆ. ನೀವು ಎಸ್‌ಎಸ್‌ಡಿಯನ್ನು ಮೊದಲು ಹಾಕಬೇಕಿದ್ದದ್ದು ಅಲ್ಲಿ. ಆಮೇಲೆ ಸ್ವಿಚ್ಚನ್ನು 2.5 ಗಿಗಾಬಿಟ್‌ನದಕ್ಕೆ ಏರಿಸಬಹುದು. ಗೋಡೆಯೊಳಗಿನ ಕ್ಯಾಟ್5ಇ ಕೇಬಲ್ ಚೆನ್ನಾಗಿದ್ದರೆ ಅದೇ ಸಾಕು, ಕಂಪ್ಯೂಟರಿನ ಲ್ಯಾನ್ ಪೋರ್ಟ್ ಮಾತ್ರ ಆ ವೇಗದ್ದಾಗಿರಬೇಕು.

ಪ್ರಶ್ನೆ: 27 ಇಂಚಿನ 4ಕೆ ಮಾನಿಟರ್ ತಂದೆವು. ಅಕ್ಷರಗಳು ಚೆನ್ನಾಗಿವೆ, ಆದರೆ ಮೌಸ್ ಎಳೆದಂತೆ ಭಾರವಾಗಿ ಚಲಿಸುತ್ತದೆ. ಬಣ್ಣಗಳೂ ಮುದ್ರಣಕ್ಕಿಂತ ಬಹಳ ಬೆಳಗುತ್ತವೆ.

ಉತ್ತರ: ಎಚ್‌ಡಿಎಂಐ 1.4 ಕಾಲದ ಪೋರ್ಟ್ 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಬದಲಿಸಬಲ್ಲದು. ಮೌಸಿನ ಭಾರಕ್ಕೆ ಅದೇ ಕಾರಣವಿರಬೇಕು. ಡಿಸ್‌ಪ್ಲೇಪೋರ್ಟ್ 1.2 ಅಥವಾ ಎಚ್‌ಡಿಎಂಐ 2.0 ಮೂಲಕ ಜೋಡಿಸಿ, ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 60 ಹರ್ಟ್ಸ್ ಆರಿಸಿ. ಬಣ್ಣದ ವಿಷಯದಲ್ಲಿ, ಕಾರ್ಖಾನೆಯಿಂದ ಬಂದ ಹೊಳಪು ಮುದ್ರಣದ ಕೆಲಸಕ್ಕೆ ಅತಿಯಾಗಿಯೇ ಇರುತ್ತದೆ. ಮಾನಿಟರಿನ ಎಸ್‌ಆರ್‌ಜಿಬಿ ಸ್ಥಿತಿಗೆ ಹೋಗಿ, ಬೆಳಕನ್ನು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾಗೆ ಇಳಿಸಿ. ಅದನ್ನು ಕಣ್ಣಳತೆಯಲ್ಲಿ ಮಾಡಲಾಗದು, ಪರದೆಗೆ ಅಂಟಿಸಿ ಅಳೆಯುವ ಕ್ಯಾಲಿಬ್ರೇಟರ್ ಬೇಕು. ಇಡೀ ಕಚೇರಿಗೆ ಒಂದೇ ಸಾಕು, ಸರದಿಯ ಮೇಲೆ ಬಳಸಬಹುದು.

ಪ್ರಶ್ನೆ: ನಮ್ಮಲ್ಲಿ 2017ರ ಕೋರ್ ಐ7-7700 ಯಂತ್ರಗಳಿವೆ. ಪ್ರಾಸೆಸರ್ ಮಾತ್ರ ಬದಲಿಸಿ ವಿಂಡೋಸ್ 11ಕ್ಕೆ ಹೋಗಬಹುದೇ?

ಉತ್ತರ: ಆಗದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯದ ಜೊತೆಗೆ ಇಂಟೆಲ್‌ನ ಎಂಟನೆಯ ಪೀಳಿಗೆ ಅಥವಾ ಅದಕ್ಕಿಂತ ಹೊಸದನ್ನು ಕೇಳುತ್ತದೆ, ನಿಮ್ಮದು ಏಳನೆಯದು. ಎಂಟನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರಾಸೆಸರ್ ನಿಮ್ಮ ಎಲ್‌ಜಿಎ1151 ಸಾಕೆಟ್ಟಿನಲ್ಲಿ ಕೂರುತ್ತದೆ ಎಂಬುದೇ ಒಂದು ಬಲೆ: ಕೂರುತ್ತದೆ, ಆದರೆ 300 ಸರಣಿಯ ಮದರ್‌ಬೋರ್ಡ್ ಇಲ್ಲದೆ ನಡೆಯುವುದಿಲ್ಲ. ಬೋರ್ಡ್ ಬದಲಿಸುವುದಾದರೆ ಅಷ್ಟು ಹಳೆಯ ಪೀಳಿಗೆಗೆ ಹಣ ಹಾಕುವುದರಲ್ಲಿ ಅರ್ಥವಿಲ್ಲ. ಪ್ರಾಸೆಸರ್, ಬೋರ್ಡ್, ರ‍್ಯಾಮ್ ಮೂರನ್ನೂ ಹೊಸದಾಗಿ ಕೊಂಡು, ಎಸ್‌ಎಸ್‌ಡಿ, ಮಾನಿಟರ್, ಗ್ರಾಫಿಕ್ಸ್ ಕಾರ್ಡ್ ಮತ್ತು ಪರೀಕ್ಷಿಸಿ ನೋಡಿದ ಮೇಲೆ ಎಸ್‌ಎಂಪಿಎಸ್ ಇವನ್ನು ಉಳಿಸಿಕೊಳ್ಳಿ.

ಎಎಂಡಿಯ ಎಎಂ4 ಸಾಕೆಟ್ ಇರುವವರು ಅದೃಷ್ಟವಂತರು. ಮೊದಲ ರೈಜನ್ ಹಾಕಿದ್ದ ಹಲವು ಬೋರ್ಡುಗಳು ಬಯೋಸ್ ಪರಿಷ್ಕರಿಸಿದ ಮೇಲೆ ರೈಜನ್ 5000 ಸರಣಿಯನ್ನು ಒಪ್ಪಿಕೊಳ್ಳುತ್ತವೆ. ಹಳೆಯ ಪ್ರಾಸೆಸರ್ ತೆಗೆಯುವ ಮೊದಲೇ ಬಯೋಸ್ ಪರಿಷ್ಕರಿಸಬೇಕು ಎಂಬುದನ್ನು ಮರೆಯಬಾರದು. ಬಳಸಿದ ಯಂತ್ರ ಕೊಳ್ಳುವ ಯೋಚನೆಯಿದ್ದು ಅದರಲ್ಲಿ ಇಂಟೆಲ್ 13 ಅಥವಾ 14ನೆಯ ಪೀಳಿಗೆಯ ಮೇಲ್ದರ್ಜೆಯ ಡೆಸ್ಕ್‌ಟಾಪ್ ಪ್ರಾಸೆಸರ್ ಇದ್ದರೆ ಬಯೋಸ್‌ನ ದಿನಾಂಕ ನೋಡಿ. ಹೆಚ್ಚಿನ ವೋಲ್ಟೇಜಿನಿಂದ ಅವು ಅಸ್ಥಿರಗೊಳ್ಳುತ್ತಿದ್ದುದನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು ಬಯೋಸ್ ಮೂಲಕ ಬರುವ ಮೈಕ್ರೋಕೋಡ್ (ಪ್ರಾಸೆಸರಿನ ಒಳಸೂಚನೆಗಳು) ಪರಿಷ್ಕರಣೆ ಕೊಟ್ಟಿತು. ಪರಿಷ್ಕರಣೆ ಮುಂದಿನ ಹಾನಿಯನ್ನು ತಡೆಯುತ್ತದೆಯೇ ಹೊರತು ಆಗಿಹೋದದ್ದನ್ನು ಸರಿಪಡಿಸುವುದಿಲ್ಲ.

ಪ್ರಶ್ನೆ: ರೆಂಡರ್ ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ನಿಧಾನವಾಗುತ್ತದೆ. ವಾಟರ್ ಕೂಲರ್ ಹಾಕಿಸಬೇಕೇ?

ಉತ್ತರ: ಈಗಲೇ ಬೇಡ. ಬಿಸಿಯೇರಿದ ಪ್ರಾಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸಿಕೊಳ್ಳುತ್ತಿದೆ. ಎಚ್‌ಡಬ್ಲ್ಯುಇನ್ಫೋ ಎಂಬ ಉಷ್ಣಾಂಶ, ವೇಗ ತೋರಿಸುವ ತಂತ್ರಾಂಶ ತೆರೆದಿಟ್ಟುಕೊಂಡು ರೆಂಡರ್ ಮಾಡಿದರೆ ಉಷ್ಣಾಂಶ ಏರುವುದೂ ಗಿಗಾಹರ್ಟ್ಸ್ ಇಳಿಯುವುದೂ ಒಟ್ಟಿಗೆ ಕಾಣುತ್ತವೆ. ಯಂತ್ರ ಆರಿಸಿ, ಪ್ಲಗ್ ತೆಗೆದು, ಮುಚ್ಚಳ ಬಿಚ್ಚಿ ಹೀಟ್‌ಸಿಂಕ್‌ನ ಎಲೆಗಳ ನಡುವೆ ಕಂಬಳಿಯಂತೆ ಕುಳಿತ ಧೂಳನ್ನು ತೆಗೆಯಿರಿ, ಹಲವು ವರ್ಷ ಹಳೆಯದಾದ ಥರ್ಮಲ್ ಪೇಸ್ಟ್ ಒರೆಸಿ ಹೊಸದನ್ನು ಹಚ್ಚಿಸಿ. ಬ್ಲೋವರ್‌ನಿಂದ ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಒಂದು ಬೆರಳಿನಿಂದ ಹಿಡಿದುಕೊಂಡಿರಿ. ಹಿಡಿಯದಿದ್ದರೆ ಅದು ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಕೆಡುತ್ತದೆ.